ಉಪ್ಪು ಬಿಟ್ಟ ಭಾದ್ರಪದ

ಭಾದ್ರಪದ ಶುದ್ಧ ದ್ವಾದಶಿಯ ಮಧ್ಯಾಹ್ನ, ದಶಲಕ್ಷಣ ಪರ್ವದ ಎಂಟನೆಯ ದಿನ, ಏಕಸಂಬಿಯ ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿ ಸುಮತಿ ಊಟದ ತಾಟಿನ ಮುಂದೆ ಕೂತು, ತುತ್ತು ಎತ್ತದೆ ಎದ್ದರು. ಹಿಂದಿನ ದಿನ ಬೆಳಗಿನಿಂದ ಮೂತ್ರ ಆಗಿಲ್ಲ ಎಂದು ಅತ್ತೆಗೆ ಹೇಳಿದರು. ಸಂಜೆಯ ಹೊತ್ತಿಗೆ ಅವರನ್ನು ಮಿರಜಿನ ಒಂದು ಆಸ್ಪತ್ರೆಗೆ ಸೇರಿಸಲಾಯಿತು.

ಇದು ಕೆಲವು ವರ್ಷಗಳ ಹಿಂದಿನ ಮಾತು. ಈ ಭಾದ್ರಪದದಲ್ಲಿ ಸವಳು ಭೂಮಿಯ ಬಗ್ಗೆ ವರದಿ ಮಾಡಲು ಐನಾಪುರಕ್ಕೆ ಹೋಗಿದ್ದೆ. ಕೃಷ್ಣೆಯ ನೀರನ್ನು ವರ್ಷಾನುಗಟ್ಟಲೆ ಕಬ್ಬಿಗೆ ಹಾಯಿಸಿದ ಹೊಲಗಳಲ್ಲಿ ನೀರು ಬಸಿಯದೆ ನಿಲ್ಲುತ್ತದೆ. ಒಳಗಿನ ಉಪ್ಪು ಮೇಲೆ ಬಂದು ಮಣ್ಣಿನ ಮೇಲೆ ಬಿಳಿ ಪದರು ಕಟ್ಟುತ್ತದೆ. ಅಂಥ ಹೊಲದ ರೈತರೊಬ್ಬರು ಮಾತಾಡುತ್ತ ಮನೆಗೆ ಕರೆದೊಯ್ದರು. ಮನೆಯಾಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಬಟ್ಟೆಯಲ್ಲಿ ಗಾಳಿಸಿ, ಕಾಯಿಸಿ, ಲವಂಗ ಹಾಕಿ ಇಟ್ಟ ನೀರು. ನಮ್ಮ ಜೈನರ ಮನೆಗಳಲ್ಲಿ ಪರ್ವದ ದಿನಗಳಲ್ಲಿ ಹೀಗೇ ಮಾಡುತ್ತಾರೆ. ಚಿಕ್ಕಂದಿನಿಂದ ಕುಡಿದ ನೀರು. ಆದರೆ ಈಗ ಆ ವಾಸನೆ ಬಂದರೆ ನನಗೆ ಒಂದೇ ಮಳೆಗಾಲ ನೆನಪಾಗುತ್ತದೆ.

ಆ ಮಳೆಗಾಲ ಪತ್ರಿಕೆಯವರು ನನ್ನನ್ನು ಹುಬ್ಬಳ್ಳಿಯಿಂದ ಚಿಕ್ಕೋಡಿಗೆ ಹಾಕಿದ್ದರು. ನದಿಗಳು ತುಂಬಿದ್ದವು, ಸ್ಥಳದಲ್ಲಿ ಒಬ್ಬ ಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆಯ ಕಚೇರಿ ಇತ್ತು. ಇರುವುದಕ್ಕೆ ಏಕಸಂಬಿಯ ಅಣ್ಣನ ಮನೆ. ದಿನಾ ಬೆಳಿಗ್ಗೆ ದೂಧಗಂಗೆಯ ದಂಡೆಗೆ ಹೋಗಿ ನೀರು ಎಲ್ಲಿಯವರೆಗೆ ಬಂದಿದೆ ನೋಡುವುದು, ಅಲ್ಲಿಂದ ಚಿಕ್ಕೋಡಿಗೆ ಹೋಗಿ ರಾಯಬಾಗ, ಕಾಗವಾಡ, ಅಥಣಿ ಕಡೆಯ ಕೆಳಮಟ್ಟದ ಸೇತುವೆಗಳಲ್ಲಿ ಯಾವುವು ಮುಳುಗಿವೆ ಕೇಳುವುದು, ಸಂಜೆ ಅದನ್ನು ಬರೆದು ಕಳಿಸುವುದು. ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದರೆ ವೈನಿ (ಅತ್ತಿಗೆ ಸುಮತಿಯನ್ನು ನಾನು ಕರೆಯುತ್ತಿದ್ದದ್ದು ಹಾಗೆ) ಟವೆಲ್ ಕೊಡುತ್ತ ಕೇಳುತ್ತಿದ್ದರು: "ಇವತ್ತ ಯಾವ ಸೇತುವಿ ಮುಳುಗಿಸಿ ಬಂದಿ ತಮ್ಮಾ?"

ಮನೆಯಲ್ಲಿ ಅಣ್ಣ ಆದಪ್ಪ, ವೈನಿ, ನಮ್ಮ ಅವ್ವ ಮೂವರೇ ಇದ್ದರು. ಅಣ್ಣನ ಮಗಳನ್ನು ಅಥಣಿಗೆ ಕೊಟ್ಟಿತ್ತು. ವೈನಿಯ ತವರು ನಿಪ್ಪಾಣಿ. ಸಿಟ್ಟು ಬಂದಾಗ ಮರಾಠಿಯಲ್ಲಿ ಎಣಿಸಿ, ಕನ್ನಡದಲ್ಲಿ ಬೈಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಮಂಡಿ ಹಿಡಿದುಕೊಂಡಿದ್ದವು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ಕೂಡಲು ಯಾರದಾದರೂ ಹೆಗಲು ಬೇಕು. ನಾಲ್ಕೈದು ವರ್ಷಗಳಿಂದ ಔಷಧದ ಅಂಗಡಿಯಿಂದ ತರಿಸಿದ ನೋವಿನ ಗುಳಿಗೆ ನುಂಗುತ್ತಿದ್ದರು. ಎಂದೋ ಯಾರೋ ಡಾಕ್ಟರು ವಾರದ ಮಟ್ಟಿಗೆ ಬರೆದುಕೊಟ್ಟದ್ದು ನಿಲ್ಲಲಿಲ್ಲ. ಬಿಪಿಗೂ ಒಂದು ಗುಳಿಗೆ ಇತ್ತು. ಎರಡಕ್ಕೂ ಮನೆಯಲ್ಲಿ ಬೇರೆ ಬೇರೆ ಮರ್ಯಾದೆ. ಬಿಪಿಯದು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿರುತ್ತಿತ್ತು. ನೋವಿನದು ಅಡುಗೆಮನೆಯಲ್ಲಿ, ಜೀರಿಗೆ ಸಾಸಿವೆ ಡಬ್ಬಿಗಳ ಸಾಲಿನಲ್ಲಿ.

ಶ್ರಾವಣದಲ್ಲಿ ಅವರ ಕಾಲು ಬಾತವು. ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು, ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಕಾಲುಂಗುರ ಮಾಂಸದಲ್ಲಿ ಹೂತಿದ್ದವು. ಚಿಕ್ಕೋಡಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಬಿಪಿ ಏರಿತ್ತು. ಉಪ್ಪು ಕಡಿಮೆ ಮಾಡಿ ಎಂದು ಹೇಳಿ, ಮೈಯಲ್ಲಿ ನಿಂತ ನೀರು ಮೂತ್ರದಲ್ಲಿ ಹೋಗಲೆಂದು ಇನ್ನೊಂದು ಗುಳಿಗೆ ಬರೆದುಕೊಟ್ಟರು. ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ವೈನಿ ಇಲ್ಲ ಎಂದರು. ಅದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಔಷಧ ಅಂದರೆ ಬೇನೆಗೆ ಕೊಡುವುದು. ಮಂಡಿನೋವು ಬೇನೆಯಲ್ಲ, ವಯಸ್ಸು.

ಭಾದ್ರಪದ ಬಂತು. ವೈನಿ ಹಿಡಿದದ್ದು ಹತ್ತು ವರ್ಷದ ದಶಲಕ್ಷಣ ವ್ರತ. ಪಂಚಮಿಯಿಂದ ಚತುರ್ದಶಿಯವರೆಗೆ ದಿನಕ್ಕೆ ಒಂದೇ ಊಟ, ಆ ಊಟದ ಜೊತೆಗೇ ನೀರು. ತಾಟಿನ ಮುಂದಿಂದ ಎದ್ದರೆ ಆ ದಿನದ ಅನ್ನವೂ ಮುಗಿಯಿತು, ನೀರೂ ಮುಗಿಯಿತು. ಒಂಬತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಇದು ಹತ್ತನೆಯದು. ಚತುರ್ದಶಿಯ ದಿನ ಉದ್ಯಾಪನೆ ಮಾಡಿ ವ್ರತ ಒಪ್ಪಿಸುವುದಿತ್ತು. ಅದಕ್ಕೆಂದು ನಿಪ್ಪಾಣಿಯ ತವರಿನವರಿಗೂ ಅಥಣಿಯ ಬೀಗರಿಗೂ ಆಗಲೇ ಹೇಳಿಯಾಗಿತ್ತು.

ವ್ರತದಲ್ಲಿ ಹಾಲು, ತುಪ್ಪ, ಬೆಲ್ಲ, ಉಪ್ಪು ಇವುಗಳಲ್ಲಿ ಯಾವುದಾದರೂ ಒಂದನ್ನು ಬಿಡುವ ಪದ್ಧತಿ ಇದೆ. ಪ್ರತಿ ವರ್ಷ ಬೆಲ್ಲ ಬಿಡುತ್ತಿದ್ದ ವೈನಿ ಈ ಸಲ ಉಪ್ಪು ಬಿಟ್ಟರು. ಪೂರ್ತಿ ಬಿಟ್ಟರು. ಅವ್ವನಿಗೆ ಅದು ಬಹಳ ಹಿಡಿಸಿತು. "ಡಾಕ್ಟರ್ ಹೇಳಿದ್ದೂ ಆತು, ಭಗವಂತಗೂ ಮುಟ್ಟಿತು. ಒಂದ ಕಲ್ಲಿಗೆ ಎರಡ ಮಾವಿನಕಾಯಿ," ಎಂದಳು.

ಮೊದಲ ದಿನವೇ ತೊಂದರೆ ಕಂಡಿತು, ಆದರೆ ಅದು ಮಂಡಿಯದು. ಬಸದಿಯಲ್ಲಿ ಬೆಳಗಿನ ಅಭಿಷೇಕ, ಪೂಜೆ, ಶಾಸ್ತ್ರ ಓದುವುದು ಎಲ್ಲ ಸೇರಿ ಮಧ್ಯಾಹ್ನದವರೆಗೂ ನೆಲದ ಮೇಲೆ ಕೂಡಬೇಕು. ಎರಡನೆಯ ದಿನ ಅಣ್ಣ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಸದಿಗೆ ಹೋದ. ಹೆಂಗಸರು ಕೂಡುವ ಕಡೆ ಗೋಡೆಗೆ ಹಚ್ಚಿ ಇಟ್ಟ. ಕೂತಿದ್ದವರು ನಕ್ಕರು. ಎಲ್ಲರಿಗಿಂತ ಮೊದಲು ಬಾಯಿ ತೆರೆದವಳು ಅವ್ವ.

"ಭಗವಂತ ಪದ್ಮಾಸನದಾಗ ಕುಂತಾನ, ನೀ ಕುರ್ಚಿ ಮ್ಯಾಲ ಕುಂಡ್ರತಿ ಏನ ಸುಮತಿ?"

ವೈನಿಯೂ ನಕ್ಕರು. ಗಂಡನಿಗೆ ಹೇಳಿದರು: "ತಗೊಂಡ ಹೋಗ್ರಿ ಅದನ್ನ. ಎಮ್ಮಿ ಹಿಂಡೂವಾಗ ನೀವ ಕುಂಡ್ರಾಕ ಬರತೈತಿ. ನನಗ ಗುಳಿಗಿ ಐತಿ."

ಅಣ್ಣ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮಳೆಯಲ್ಲಿ ವಾಪಸು ಬಂದ. ಅದನ್ನು ಕೊಟ್ಟಿಗೆಯಲ್ಲೇ ಇಟ್ಟ.

ಗುಳಿಗೆ ಇತ್ತು. ಆದರೆ ಅದನ್ನು ಇಳಿಸಲು ನೀರು ದಿನಕ್ಕೆ ಒಮ್ಮೆಯೇ. ಹಾಗಾಗಿ ಬೆಳಗಿನ ನೋವಿನ ಗುಳಿಗೆ, ರಾತ್ರಿಯ ನೋವಿನ ಗುಳಿಗೆ, ಬಿಪಿಯದು, ಹೊಸದಾಗಿ ಬಂದ ನೀರಿನ ಗುಳಿಗೆ, ಎಲ್ಲವನ್ನೂ ಊಟದ ಕೊನೆಗೆ ಅಂಗೈಯಲ್ಲಿ ಹಾಕಿಕೊಂಡು ಲವಂಗದ ನೀರಿನಲ್ಲಿ ಒಟ್ಟಿಗೆ ನುಂಗುತ್ತಿದ್ದರು. ನಾನು ಮಧ್ಯಾಹ್ನ ಮನೆಯಲ್ಲಿದ್ದ ದಿನ ಅದನ್ನು ನೋಡಿದ್ದೇನೆ. ಮನೆಯವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಏಕಸಂಬಿಯಲ್ಲಿ ವ್ರತ ಹಿಡಿದ, ಗುಳಿಗೆ ನುಂಗುವ ವಯಸ್ಸಿನ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು.

ಐದನೆಯ ದಿನ ಕಾಲಿನ ಬಾವು ಇಳಿಯಿತು. ಪಾದದ ಎಲುಬು ಕಾಣತೊಡಗಿದವು. ಕಾಲುಂಗುರ ಸಡಿಲಾಗಿ ತಿರುಗಿದವು. ವೈನಿ ಸೀರೆಯ ಅಂಚು ತುಸು ಎತ್ತಿ ಎಲ್ಲರಿಗೂ ತೋರಿಸಿದರು. ನೆರೆಮನೆಯವರೂ ಬಂದು ನೋಡಿದರು. ವ್ರತ ಕೈ ಹಿಡಿಯಿತು ಎಂದು ಅವ್ವ ಆರತಿಗೆ ಎರಡು ಹೆಚ್ಚಿನ ದೀಪ ಹಚ್ಚಿದಳು. ಆ ಸಂಜೆಯ ಮಟ್ಟಿಗೆ ಮನೆಯಲ್ಲಿ ಬಹಳ ಸಂತೋಷ ಇತ್ತು.

ಆರನೆಯ ದಿನ ಎದ್ದರೆ ಕಣ್ಣು ಕತ್ತಲೆ ಬರುತ್ತಿದೆ ಎಂದರು. ಏಳನೆಯ ದಿನ ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಮಾತು ನಿಧಾನವಾಗಿತ್ತು. ಮೂತ್ರ ನಿಂತದ್ದನ್ನು ಅವರು ಆ ದಿನ ಯಾರಿಗೂ ಹೇಳಲಿಲ್ಲ. ಒಳಗೆ ಹೋದರೆ ತಾನೆ ಹೊರಗೆ ಬರುವುದು ಎಂದುಕೊಂಡಿದ್ದಾಗಿ ಆಮೇಲೆ ಹೇಳಿದರು. ಎಂಟನೆಯ ದಿನ ಅನ್ನ ನೋಡಿದರೆ ವಾಕರಿಕೆ ಬಂತು. ಎದ್ದುಬಿಟ್ಟರು.

ಕಾರಿನಲ್ಲಿ ಕಾಗವಾಡ ದಾಟಿ ಮಿರಜಿಗೆ ಹೋದೆವು. ರಸ್ತೆಯ ಎರಡೂ ಕಡೆ ಕಬ್ಬಿನ ಹೊಲಗಳಲ್ಲಿ ನೀರು ನಿಂತಿತ್ತು. ಊರು ಊರಿಗೆ ಗಣಪತಿಯ ಮಂಡಪ, ಹಾಡು. ವೈನಿ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿದ್ದರು. ಚತುರ್ದಶಿಗೆ ಎಷ್ಟು ದಿನ ಉಳಿಯಿತು ಎಂದು ಎರಡು ಸಲ ಕೇಳಿದರು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಬಿಪಿ ನೋಡಿದರು. ಶ್ರಾವಣದಲ್ಲಿ ಏರಿದ್ದ ಬಿಪಿ ಈಗ ಬಹಳ ಕೆಳಗೆ ಇಳಿದಿತ್ತು. ಒಬ್ಬ ನರ್ಸ್ ಸ್ಟ್ಯಾಂಡಿಗೆ ಬಾಟಲಿ ತೂಗುಹಾಕಿ, ಸೂಜಿ ಚುಚ್ಚಲು ಕೈ ಹಿಡಿದಳು. ವೈನಿ ಕಣ್ಣು ತೆರೆದರು.

"ಅದರಾಗ ಏನೈತವಾ?"

"ಸಲೈನ್ ರೀ ಮಾವಶಿ. ಮಿಠಾಚ ಪಾಣಿ. ಉಪ್ಪಿನ ನೀರು."

ವೈನಿ ಕೈ ಎಳೆದುಕೊಂಡು ಸೆರಗಿನ ಒಳಗೆ ಇಟ್ಟುಕೊಂಡರು. "ಉಪ್ಪ ಬಿಟ್ಟೀನಿ. ಇವತ್ತಿನ ನೀರೂ ಮುಗದೈತಿ," ಎಂದರು.

ಮೊದಲು ಅಣ್ಣ ಗದರಿದ. ಆಮೇಲೆ ಅವ್ವ ಕಾಲು ಹಿಡಿಯಲು ಹೋದಳು. ವೈನಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದರು, ಕೈ ಹೊರಗೆ ತೆಗೆಯಲಿಲ್ಲ. ಡಾಕ್ಟರು ಬಂದರು. ಅಥಣಿಯ ಕಡೆಯ ಹೆಣ್ಣುಮಗಳು, ಮೂತ್ರಪಿಂಡದ ತಜ್ಞೆ. ಅವರು ಜಬರದಸ್ತಿ ಮಾಡಲಿಲ್ಲ. ಯಾರ ಮಾತು ಕೇಳುತ್ತಾರೆ ಎಂದಷ್ಟೇ ಅಣ್ಣನನ್ನು ಕೇಳಿದರು. ಅಣ್ಣ ನಮ್ಮ ಬಸದಿಯ ಉಪಾಧ್ಯೆಯವರಿಗೆ ಫೋನ್ ಹಚ್ಚಿದ. ಪೂಜೆ ಮಾಡಿಸುವ ಮುದುಕರು. ವೈನಿಗೆ ಒಂಬತ್ತು ವರ್ಷದ ಹಿಂದೆ ಸಂಕಲ್ಪ ಮಾಡಿಸಿದವರು ಅವರೇ. ಅಣ್ಣ ಫೋನನ್ನು ವೈನಿಯ ಕಿವಿಯ ಹತ್ತಿರ ಹಿಡಿದ. ಅವರ ದನಿ ದೊಡ್ಡದು, ನಮಗೂ ಕೇಳಿಸಿತು.

"ಬಾಯಿಲೆ ಉಂಡದ್ದಲ್ಲವ್ವಾ ಅದು. ಉಂಡದ್ದು ಅಂತ ಹಿಡದರೂ ಅದರ ಪ್ರಾಯಶ್ಚಿತ್ತ ನಾ ಮಾಡಸ್ತೀನಿ. ನೀ ಇದ್ದರ ವ್ರತ ಇರತೈತಿ. ಕೈ ಕೊಡು."

ವೈನಿ ಹೌದ್ರಿ ಎಂದರು. ಕೈ ಹೊರಗೆ ತೆಗೆದು ನರ್ಸಿನ ಮುಂದೆ ಇಟ್ಟರು. "ಆ ಬಾಟ್ಲಿ ನನ್ನ ಕಣ್ಣಿಗೆ ಕಾಣದಂಗ ಇಡವಾ," ಎಂದು ಅವಳಿಗೆ ಹೇಳಿದರು. ನರ್ಸ್ ಸ್ಟ್ಯಾಂಡನ್ನು ಮಂಚದ ತಲೆಯ ಹಿಂದೆ ಸರಿಸಿದಳು.

ಆ ಹಟದಲ್ಲಿ ಕಳೆದ ಹೊತ್ತಿನಿಂದ ಕೆಟ್ಟದ್ದೇನೂ ಆಗಲಿಲ್ಲ, ಆಗುವುದು ಅದಕ್ಕೂ ಮೊದಲೇ ಆಗಿತ್ತು ಎಂದು ಡಾಕ್ಟರು ಮರುದಿನ ಹೇಳಿದರು. ಅಣ್ಣನನ್ನೂ ನನ್ನನ್ನೂ ಕೂಡಿಸಿಕೊಂಡು ವಿವರಿಸಿದರು. ಹಿಂದಿನ ದಿನವೇ ವೈನಿಯ ಮಂಡಿ ನೋಡಿ, ಇದಕ್ಕೆ ಏನು ನುಂಗುತ್ತೀರಿ ಎಂದು ನೇರವಾಗಿ ಕೇಳಿ ತಿಳಿದುಕೊಂಡಿದ್ದರು.

"ಮಂಡಿಗೆ ತಗೊಂಡ ಗುಳಿಗಿ ಮಂಡಿಗಷ್ಟ ಹೋಗೂದಿಲ್ರಿ," ಎಂದು ಸುರುಮಾಡಿದರು.

ಅವರು ಹೇಳಿದ್ದು ನನಗೆ ಅರ್ಥವಾದಂತೆ ಇಷ್ಟು. ಮೈ ತನ್ನೊಳಗೆ ಅಲ್ಲಲ್ಲಿ, ಬೇಕಾದಾಗ ತಯಾರಿಸಿಕೊಳ್ಳುವ ಒಂದು ಗುಂಪಿನ ವಸ್ತುಗಳಿವೆ. ಪ್ರೋಸ್ಟಾಗ್ಲಾಂಡಿನ್ ಎಂದು ಹೆಸರು. ಸವೆದ ಮಂಡಿಯಲ್ಲಿ ಬಾವು ಮತ್ತು ನೋವು ಹೆಚ್ಚಿಸುವುದು ಅವೇ. ನೋವಿನ ಗುಳಿಗೆ ಅವುಗಳ ತಯಾರಿಕೆಯನ್ನು ನಿಲ್ಲಿಸುತ್ತದೆ, ನೋವು ಇಳಿಯುತ್ತದೆ. ಆದರೆ ಮೂತ್ರಪಿಂಡದಲ್ಲಿ ಅದೇ ಗುಂಪಿಗೆ ಬೇರೆ ಕೆಲಸ ಇದೆ. ಹೆಚ್ಚಾದ ಉಪ್ಪನ್ನು ಮೂತ್ರಕ್ಕೆ ಬಿಡಲು ಅವು ನೆರವಾಗುತ್ತವೆ. ನೀರನ್ನು ಬಿಗಿಯಾಗಿ ಹಿಡಿದಿಡುವ ಹಾರ್ಮೋನಿನ ಹಿಡಿತವನ್ನು ತುಸು ಸಡಿಲಿಸುತ್ತವೆ. ಗುಳಿಗೆಗೆ ಮಂಡಿ ಯಾವುದು, ಮೂತ್ರಪಿಂಡ ಯಾವುದು ತಿಳಿಯುವುದಿಲ್ಲ. ಎರಡೂ ಕಡೆ ನಿಲ್ಲಿಸುತ್ತದೆ. ಆಗ ಉಪ್ಪು ಒಳಗೇ ಉಳಿಯುತ್ತದೆ, ಉಪ್ಪಿನ ಹಿಂದೆ ನೀರು ಉಳಿಯುತ್ತದೆ. ಕಾಲು ಬಾಯುತ್ತವೆ, ಬಿಪಿ ಏರುತ್ತದೆ.

ಅಣ್ಣ ಕೇಳಿದ: "ಹಂಗಾದ್ರ ಕಾಲ ಬಾತದ್ದು ಉಪ್ಪಿಂದ ಅಲ್ಲೇನ್ರಿ ಡಾಕ್ಟರ್ ಬಾಯಾರ?"

"ಉಪ್ಪಿಂದನ್ರಿ. ಆದ್ರ ಅವರು ತಿಂದ ಉಪ್ಪ ಹೆಚ್ಚಾಗಿ ಅಲ್ಲ. ಹೊರಗ ಹೋಗಲಾರದ ಉಪ್ಪಿಂದ."

"ಬಸಿಗಾಲುವಿ ಮುಚ್ಚಿದ ಹೊಲದಂಗ," ಎಂದ ಅಣ್ಣ. ನದಿಯ ಕಡೆಯ ನಮ್ಮ ಹೊಲದ ಒಂದು ಮೂಲೆ ಹಾಗೆಯೇ ಸವಳಾಗಿತ್ತು.

ಡಾಕ್ಟರು ಹೌದೆಂದರು. ಅದು ಶ್ರಾವಣದ ಕಥೆ, ಭಾದ್ರಪದದಲ್ಲಿ ಆದದ್ದು ಬೇರೆ ಎಂದರು. ಉಪ್ಪು ಬಿಟ್ಟು, ನೀರು ಬಿಟ್ಟು, ಮೇಲೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ನುಂಗಿದಾಗ ಮೈಯಲ್ಲಿ ಹರಿಯುವ ರಕ್ತವೇ ಕಡಿಮೆಯಾಗುತ್ತದೆ. ಇದ್ದಷ್ಟನ್ನು ಹೃದಯಕ್ಕೆ, ಮಿದುಳಿಗೆ ಉಳಿಸಲು ಉಳಿದ ಕಡೆಯ ನಾಳಗಳು ಬಿಗಿಯುತ್ತವೆ. ಅಂಥ ಹೊತ್ತಿನಲ್ಲಿ ಮೂತ್ರಪಿಂಡವು ತನಗೆ ರಕ್ತ ತರುವ ಸಣ್ಣ ನಾಳಗಳು ಮುಚ್ಚದಂತೆ ಇದೇ ಪ್ರೋಸ್ಟಾಗ್ಲಾಂಡಿನ್ ತಯಾರಿಸಿ ಅವನ್ನು ತೆರೆದಿಟ್ಟುಕೊಳ್ಳುತ್ತದೆ. ನೀರು, ಉಪ್ಪು ಸಾಕಷ್ಟಿದ್ದ ದಿನಗಳಲ್ಲಿ ಇದರ ಕೆಲಸ ಅಷ್ಟಾಗಿ ಕಾಣುವುದಿಲ್ಲ. ಇಲ್ಲದ ದಿನಗಳಲ್ಲಿ ಮೂತ್ರಪಿಂಡ ಇದರ ಮೇಲೆಯೇ ನಿಂತಿರುತ್ತದೆ. ವೈನಿಯ ಎಂಟು ದಿನ ಅಂಥವು. ಅವುಗಳಲ್ಲಿ ಊಟ ಮಾಡಿದ ಏಳೂ ದಿನ, ಎರಡು ಹೊತ್ತಿನ ನೋವಿನ ಗುಳಿಗೆ ಒಂದೇ ಹೊತ್ತಿಗೆ ಹೋಗಿತ್ತು. ರಕ್ತದ ಒತ್ತಡ ಕುಸಿದಾಗ ಮೂತ್ರಪಿಂಡಕ್ಕೆ ಇದ್ದ ಇನ್ನೊಂದು ಆಸರೆಯನ್ನು ಬಿಪಿಯ ಗುಳಿಗೆ ತೆಗೆದಿತ್ತು.

ಉಪ್ಪು ಬಿಡಬಾರದಾಗಿತ್ತೇ ಎಂದು ಅಣ್ಣ ಕೇಳಿದ. ಡಾಕ್ಟರು ಹಾಗಲ್ಲ ಎಂದು ತಲೆಯಾಡಿಸಿದರು.

"ಉಪವಾಸ ಮಾಡಿದವರಿಗೆಲ್ಲಾ ಹಿಂಗಾಗೂದಿಲ್ರಿ. ಗುಳಿಗಿ ತಗೊಂಡವರಿಗೆಲ್ಲಾನೂ ಆಗೂದಿಲ್ಲ. ಇಲ್ಲೆ ಎಲ್ಲಾ ಒಂದ ವಾರದಾಗ ಕೂಡಿದ್ವು."

ಬಹಳ ಜನರಲ್ಲಿ ಗುಳಿಗೆ ನಿಲ್ಲಿಸಿ ನೀರು ಕೊಟ್ಟರೆ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. ವೈನಿಯವು ವರ್ಷಗಳ ಬಿಪಿಯಿಂದ, ವರ್ಷಗಳ ಗುಳಿಗೆಯಿಂದ ಮೊದಲೇ ಸೋತಿದ್ದವು. ಚತುರ್ದಶಿಯ ದಿನ ಅವರಿಗೆ ಮೊದಲ ಡಯಾಲಿಸಿಸ್ ಆಯಿತು. ನಿಪ್ಪಾಣಿಯಿಂದ, ಅಥಣಿಯಿಂದ ಉದ್ಯಾಪನೆಗೆ ಬರಬೇಕಿದ್ದವರು ಆಸ್ಪತ್ರೆಗೆ ಬಂದರು. ಅವ್ವ ಎಲ್ಲರ ಹತ್ತಿರವೂ ಒಂದೇ ಮಾತು ಹೇಳುತ್ತಿದ್ದಳು: ಕಾಲಿನ ಬಾವು ಇಳಿದಿತ್ತು, ನಾನೇ ಕಣ್ಣಾರೆ ನೋಡಿದ್ದೆ.

ವೈನಿ ಮನೆಗೆ ಬಂದಾಗ ಆಶ್ವೀಜದ ಮಳೆಯೂ ಮುಗಿದಿತ್ತು. ನದಿ ಇಳಿದಿತ್ತು, ಸೇತುವೆಗಳು ಮೇಲೆ ಬಂದಿದ್ದವು. ವಾರದಲ್ಲಿ ಹಲವು ದಿನ ಅಣ್ಣ ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ. ಮೂತ್ರಪಿಂಡ ನೀರು ಹೊರಗೆ ಹಾಕದ ಕಾರಣ ಕುಡಿಯುವ ನೀರನ್ನು ಅಳೆದು ಕೊಡಬೇಕಿತ್ತು. ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಬಾಯಾರಿಕೆ ತಡೆಯಲು ಒಂದು ಲವಂಗ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಬ್ಬು ಕಡಿಯುವ ಕಾಲಕ್ಕೆ ನನ್ನನ್ನು ಹುಬ್ಬಳ್ಳಿಗೆ ವಾಪಸು ಕರೆದರು. ಹೊರಡುವ ದಿನ ಬ್ಯಾಗು ಹಿಡಿದು ಅವರ ಮುಂದೆ ನಿಂತೆ. ಕಾಲು ಮತ್ತೆ ಬಾತಿದ್ದವು. ಕಾಲುಂಗುರ ಕತ್ತರಿಸಿ ತೆಗೆದಿದ್ದರು.

"ವ್ರತ ಮುಗಿಲೇ ಇಲ್ಲ ನೋಡ ತಮ್ಮಾ," ಎಂದರು. ನಗಲು ನೋಡಿದರು. "ಮುಂದಿನ ಭಾದ್ರಪದಕ್ಕ ಉದ್ಯಾಪನೆ ಮಾಡೂಣ. ಆಗ ರಜಾ ಹಾಕಿ ಬಾ. ಸೇತುವಿ ಬ್ಯಾರೆದವರಿಗೆ ಬಿಡು."

ಮುಂದಿನ ಭಾದ್ರಪದ ಬರಲಿಲ್ಲ. ವೈಶಾಖದಲ್ಲಿ, ಒಂದು ಮಧ್ಯಾಹ್ನ, ಡಯಾಲಿಸಿಸ್ ಮುಗಿಸಿ ಬರುವಾಗ ಚಿಕ್ಕೋಡಿಯ ಹೊರಗೆ ಕಾರಿನಲ್ಲಿ ವೈನಿ ತೀರಿಕೊಂಡರು. ಅಣ್ಣ ಕಾರು ನಿಲ್ಲಿಸಿ ನನಗೆ ಫೋನ್ ಮಾಡಿದ. ನಾನು ತಲುಪಿದಾಗ ಎಲ್ಲ ಮುಗಿದಿತ್ತು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕದ ಜಾಗ ಖಾಲಿಯಿತ್ತು. ಆ ಗುಳಿಗೆಗಳನ್ನು ಅಣ್ಣ ಮಿರಜಿನಿಂದ ಬಂದ ದಿನವೇ ಎಸೆದಿದ್ದನಂತೆ.

ಈ ಸಲ ಐನಾಪುರದ ಕೆಲಸ ಮುಗಿಸಿ ಏಕಸಂಬಿಗೆ ಹೋದೆ. ಚತುರ್ದಶಿ ಇತ್ತು. ಅಣ್ಣ ಹೊಲದಿಂದ ಬಂದಿರಲಿಲ್ಲ. ಸವಳಾದ ಮೂಲೆಯಲ್ಲಿ ಬಸಿಗಾಲುವೆ ತೋಡಿಸುತ್ತಿದ್ದಾನೆ. ಕೊಟ್ಟಿಗೆಯಲ್ಲಿ ಕುರ್ಚಿ ಇರಲಿಲ್ಲ. ಅವ್ವ ಬಸದಿಯಲ್ಲಿದ್ದಾಳೆ ಎಂದು ನೆರೆಯವರು ಹೇಳಿದರು. ಅಲ್ಲಿಗೆ ನಡೆದೆ. ಪೂಜೆ ನಡೆದಿತ್ತು. ಹೆಂಗಸರು ಕೂಡುವ ಕಡೆ, ಗೋಡೆಗೆ ಹಚ್ಚಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮೊದಲನೆಯದರಲ್ಲಿ ಅವ್ವ ಕೂತಿದ್ದಳು.